ದೀಪದಲ್ಲಿ ಉಳಿದ ಎಣ್ಣೆ

ನಾನು ದೇವರ ಜಗಲಿಯ ಮುಂದೆ ಕೂತು ಬತ್ತಿ ಹೊಸೆಯುತ್ತಿದ್ದೆ. ಮಡಿಲಲ್ಲಿ ಒಂದು ಮುಷ್ಟಿ ಬಿಡಿಸಿದ ಹತ್ತಿ, ಬೆರಳು ಜಾರದ ಹಾಗೆ ಒಂದು ಚಿಟಿಕೆ ವಿಭೂತಿ. ಹನ್ನೊಂದನೆಯ ಬತ್ತಿ ಕೈಯಲ್ಲಿದ್ದಾಗ ಅಪ್ಪ ಹಿತ್ತಲಿಂದ ಬಂದು ಅಡುಗೆಮನೆಯ ಹೊಸ್ತಿಲ ಮೇಲೆ ನಿಂತ. ಒಳಗೆ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಅಪ್ಪ ದನಿ ತಗ್ಗಿಸಿದ. ನಮ್ಮ ಮನೆಯಲ್ಲಿ ದನಿ ತಗ್ಗಿತೆಂದರೆ ಎದುರಿಗಿಲ್ಲದ ಯಾರದೋ ಮಾತು ಬಂತೆಂದೇ ತಿಳಿಯಬೇಕು.

“ದಾರ ಹರದದ,” ಅಂದ.

“ಯಾವ ದಾರರಿ?”

“ನಿನ್ನಿ ಸಂಜಿಗಿ ಮೋಟಾರಿಗಿ ಕಟ್ಟಿದ್ದೆ. ಕರಿ ದಾರ. ಯಾರರ ಕೈ ಹಾಕಿದ್ರ ಗೊತ್ತಾಗ್ಲಿ ಅಂತ.”

ಅವ್ವ ರೊಟ್ಟಿಯನ್ನು ಹಂಚಿನ ಮೇಲೆ ಹಾಕಿ, ಅದಕ್ಕೆ ನೀರು ಸವರಿ, ಆಮೇಲೆ ಕೇಳಿದಳು.

“ಶೆಡ್ಡಿನ್ಯಾಗ ಮಲಗೋರು ಯಾರ್ರಿ?”

“ಅದೇ ಹೇಳ್ಲತ್ತೀನಿ.”

ಹಿತ್ತಲ ಶೆಡ್ಡಿನಲ್ಲಿ ಮಲಗುತ್ತಿದ್ದವರು ಮಹಬೂಬ ಚಾಚಾ. ಆಗಲೇ ಹದಿನಾಲ್ಕು ವರ್ಷದಿಂದ ಅಪ್ಪನ ಜೊತೆ ಹಳೇ ಮೋಟಾರು ಗಾಡಿಗಳ ರಿಪೇರಿ ಮಾಡುತ್ತಿದ್ದವರು. ನಾನು ಹುಟ್ಟುವ ಮೊದಲೇ ಈ ಮನೆಗೆ ಬಂದವರು. ಔರಾದದಿಂದ ಸೋಮವಾರ ಮೊದಲ ಬಸ್ಸಿಗೆ ಬಂದು ಶನಿವಾರ ಸಂಜೆ ಹೋಗುತ್ತಿದ್ದರು. ನಡುವಿನ ದಿನಗಳಲ್ಲಿ ಶೆಡ್ಡಿನ ಮೂಲೆಯ ನುಲಿ ಹೊರಸೇ ಅವರ ಮನೆ. ಹೊರಸಿನ ಕೆಳಗೆ ಒಂದು ತಗಡಿನ ಪೆಟ್ಟಿಗೆ, ಮೇಲೆ ಮೊಳೆಗೆ ನೇತುಹಾಕಿದ ಒಂದು ಅಂಗಿ. ಅಷ್ಟರ ಮೇಲೆ ಈಗ ಗುಮಾನಿ ಬಿದ್ದಿತ್ತು.

ಗುಮಾನಿಯ ಮಾತು ಬಂತು, ಅದನ್ನೂ ಹೇಳಿಬಿಡುತ್ತೇನೆ. ಬೀದರಿನ ಹಳೇ ಊರಿನ ಒಳಗಿದ್ದ ಆ ಕೆಂಪುಕಲ್ಲಿನ ಮನೆಯಲ್ಲಿ ಅಕ್ಕಿ ಬೇಳೆಗೆ ಕಡಿಮೆ ಬಿದ್ದದ್ದುಂಟು, ಗುಮಾನಿಗೆ ಎಂದೂ ಕಡಿಮೆ ಬಿದ್ದಿಲ್ಲ. ಪಡಸಾಲೆಯಲ್ಲಿ ಮಂಚದ ಮೇಲೆ ಅಪ್ಪನ ತಾಯಿ, ನಮ್ಮ ಆಯಿ. ತುಪ್ಪದ ಡಬ್ಬಿಯ ಮೇಲ್ಮೈಗೆ ಬೆರಳಿನಿಂದ ಒಂದು ಗೆರೆ ಎಳೆದು ಮುಚ್ಚಿಡುತ್ತಿದ್ದಳು, ಸೊಸೆ ತೆಗೆದರೆ ಗೆರೆ ಅಳಿಯಬೇಕು. ಅವ್ವ ಹಾಲಿನವಳ ಹಾಲಿಗೆ ಬೆರಳು ಅದ್ದಿ ಹೆಬ್ಬೆರಳ ಉಗುರಿನ ಮೇಲೆ ಹನಿ ನಿಲ್ಲಿಸಿ ನೋಡುತ್ತಿದ್ದಳು. ಹನಿ ಹರಿದರೆ ಆ ದಿನ ಹಾಲಿನವಳಿಗೆ ಚಹಾ ಇಲ್ಲ. ಅಪ್ಪ ಚಿಮಣಿ ಎಣ್ಣೆಯ, ಅಂದರೆ ಸೀಮೆಎಣ್ಣೆಯ, ಕ್ಯಾನಿಗೆ ಮೊಳೆಯಿಂದ ಗೀರು ಹಾಕುತ್ತಿದ್ದ. ನಾನೂ ಕಡಿಮೆ ಇರಲಿಲ್ಲ. ನನ್ನ ಪಾಟಿಚೀಲದ ದಾರಕ್ಕೆ ಯಾರಿಗೂ ಬಿಚ್ಚಲು ಬಾರದ ಗಂಟು ಹಾಕುತ್ತಿದ್ದೆ, ಕಡೆಗೆ ಸಾಲಿಯಲ್ಲಿ ಅದನ್ನು ನನಗೇ ಬಿಚ್ಚಲಾಗದೆ ಕಲಿಸುವ ಅಕ್ಕೋರ ಕಡೆಯಿಂದ ಬೈಸಿಕೊಂಡದ್ದೂ ಉಂಟು. ಯಾರೂ ಕೆಟ್ಟವರಲ್ಲ. ಒಬ್ಬರಿಗೊಬ್ಬರು ಊಟ ಬಡಿಸುತ್ತಿದ್ದೆವು, ಜ್ವರ ಬಂದರೆ ಹಣೆ ಒತ್ತುತ್ತಿದ್ದೆವು. ಆದರೆ ಏನಾದರೂ ಕಳೆದರೆ ಅದು ಬಿದ್ದು ಹೋಗಿರಬಹುದು ಅಂತ ಮೊದಲು ಯಾರಿಗೂ ಹೊಳೆಯುತ್ತಿರಲಿಲ್ಲ, ಯಾರೋ ತೆಗೆದಿರಬೇಕು ಅಂತಲೇ ಹೊಳೆಯುತ್ತಿತ್ತು.

ಇನ್ನೊಂದು ರೂಢಿ ಇತ್ತು, ಅದು ಆಯಿಯದು. ದೇವರ ದೀಪದಲ್ಲಿ ಉಳಿದ ಎಣ್ಣೆಯನ್ನು ಚೆಲ್ಲಬಾರದು, ಒಗ್ಗರಣೆಗೆ ಹಾಕಬಾರದು, ಮತ್ತೆ ದೀಪಕ್ಕೂ ಸುರಿಯಬಾರದು. ಮನೆಯಲ್ಲಿ ಏನು ಬಿಗಿದಿದೆಯೋ ಅದಕ್ಕೆ ಹಚ್ಚಬೇಕು. ಜಗಲಿ ಕೋಣೆಯ ಗಿಡ್ಡ ಸಾಗವಾನಿ ಕದ ತಿರುಗುವ ಬಿಜಾಗರಿಗೆ, ಬಾವಿಯ ಹಗ್ಗದ ಗಡಗಡಿಗೆ, ಬೀಸುಕಲ್ಲಿನ ಗೂಟಕ್ಕೆ, ಉಳಿದರೆ ಆಯಿಯ ಮೊಣಕಾಲಿಗೆ. “ದೇವರ ಎಣ್ಣಿ ಮುಟ್ಟಿದ್ದು ಸಡಲಾಗ್ತದ” ಎನ್ನುತ್ತಿದ್ದಳು. ಹನ್ನೊಂದು ತುಂಬಿದ ಮೇಲೆ ಆ ಕೆಲಸ ನನಗೆ ಬಂತು. ದಿನಾ ಬೆಳಕು ಹರಿಯುವ ಹೊತ್ತಿಗೆ ಮೈ ತೊಳೆದುಕೊಂಡು, ಹಳೇ ಬತ್ತಿ ತೆಗೆದು, ಉಳಿದ ಎಣ್ಣೆಯನ್ನು ಒಂದು ಹಿತ್ತಾಳೆ ಬಟ್ಟಲಿಗೆ ಬಗ್ಗಿಸಿಕೊಂಡು ಮನೆ ತುಂಬ ಓಡಾಡುತ್ತಿದ್ದೆ. ನನಗೆ ಮನೆಯಲ್ಲಿ ಸಿಕ್ಕ ಮೊದಲ ಅಧಿಕಾರ ಅದು. ದೇವರು ಕೊಟ್ಟ ಸಣ್ಣ ಸಣ್ಣ ದಯಗಳನ್ನು ಎಣಿಸುವಾಗ ಈಗಲೂ ಆ ಬಟ್ಟಲಿನ ತಂಪನ್ನು ಅಂಗೈಯಲ್ಲಿ ಎಣಿಸುತ್ತೇನೆ.

ಆ ವರ್ಷ ಭಾಲ್ಕಿ ತಾಲೂಕಿನ ಭಾತಂಬ್ರಾದಿಂದ ಪಾಟೀಲರ ಮೋಟಾರು ಬಂದಿತ್ತು. ಅವರ ಅಜ್ಜ ತರಿಸಿದ್ದಂತೆ, ಮುಂದಿನ ಮೂತಿ ಉದ್ದ, ಎರಡು ದೀಪ ಕಪ್ಪೆಯ ಕಣ್ಣಿನ ಹಾಗೆ. ಮಗಳ ಮದುವೆಯ ಮೆರವಣಿಗೆ ಅದರಲ್ಲೇ ಆಗಬೇಕು ಎಂದು ಪಾಟೀಲರ ಹಟ. ಎಂಜಿನ್ ಚೆನ್ನಾಗಿತ್ತು. ಆದರೆ ಏಳೆಂಟು ಮೈಲಿ ಓಡಿದ ಮೇಲೆ ಕುದಿದು ನಿಂತುಬಿಡುತ್ತಿತ್ತು. ಬೇನೆ ಎಲ್ಲಿದೆ ಎಂದು ಚಾಚಾ ಒಂದೇ ದಿನದಲ್ಲಿ ಕಂಡುಹಿಡಿದರು. ಹೆಣ್ಣುಮಕ್ಕಳು ಶೆಡ್ಡಿನ ಒಳಗೆ ಹೋಗಬಾರದು ಎಂದು ಅಪ್ಪನ ಕಟ್ಟಳೆ ಇತ್ತು. ನಾನು ಬಾಗಿಲಲ್ಲಿ ನಿಂತು ಕೇಳಿದೆ, ಅವರು ಬಗ್ಗಿದಲ್ಲಿಂದಲೇ ಹೇಳಿದರು.

“ಬೇಟಿ, ಇದು ಒಂದು ಸಣ್ಣ ಕದ ಇದ್ದಂಗ. ಎಂಜಿನ್ ಥಂಡಿ ಇದ್ದಾಗ ಮುಚ್ಚಿಕೊಂಡು ಬಿಸಿ ಹೊಗಿ ಮ್ಯಾಲಕ್ಕ ಕಳಸ್ತದ, ಪೆಟ್ರೋಲ್ ಬರೋ ಜಾಗಾ ಬೆಚ್ಚಗ ಮಾಡ್ಲಿಕ್ಕ. ಗರಂ ಆದ ಮ್ಯಾಲ ತಾನೇ ತೆರೀಬೇಕು. ಇದು ತೆರೀವಲ್ದು. ಮುಚ್ಚಿದ್ದು ಮುಚ್ಚೇ ಅದ. ಪೆಟ್ರೋಲ್ ಕುದೀತದ, ಮೋಟಾರು ನಿಲ್ತದ.”

“ಅದಕ್ಕೂ ಬಿಜಾಗರಿ ಇರ್ತದೇನ್ ಚಾಚಾ?”

“ಇರ್ತದಲ್ಲ. ಈ ಕಡ್ಡಿ ನೋಡು, ಇದರ ಮ್ಯಾಲೇ ತಿರಗ್ತದ. ಜಂಗು ಹಿಡದು ಬಿಗದದ.”

ಆ ಮಾತು ನನ್ನ ತಲೆಯಲ್ಲಿ ಕೂತಿತು. ಕದ, ಬಿಜಾಗರಿ, ಬಿಗದದ.

ಚಾಚಾನ ಕೆಲಸ ನೋಡುವಂಥದ್ದು. ಆ ಭಾಗ ಬೀಡುಕಬ್ಬಿಣದ್ದು, ಜೋರು ಹೊಡೆದರೆ ಸೀಳುತ್ತದೆ, ಸೀಳಿದರೆ ಹೈದರಾಬಾದಿನಲ್ಲೂ ಇನ್ನೊಂದು ಸಿಗುವುದಿಲ್ಲ. ಕಡ್ಡಿಯ ಎರಡೂ ತುದಿಗೆ ಚಿಮಣಿ ಎಣ್ಣೆ ಹನಿಸಿ ದಿನವಿಡೀ ನೆನೆಯಲು ಬಿಡುತ್ತಿದ್ದರು. ಆಮೇಲೆ ಬೆರಳುದ್ದದ ಹಿತ್ತಾಳೆ ಸುತ್ತಿಗೆಯಿಂದ ಬಲ ತುದಿಗೆ ಎರಡು ಪೆಟ್ಟು, ಎಡ ತುದಿಗೆ ಎರಡು ಪೆಟ್ಟು. ಟಿಕ್ ಟಿಕ್, ಟಿಕ್ ಟಿಕ್. ಅವ್ವ ರೊಟ್ಟಿ ಬಡಿಯುವ ಸದ್ದಿಗೂ ಅದಕ್ಕೂ ಒಂದು ಲೆಕ್ಕ ಇರುತ್ತಿತ್ತು. ಎರಡು ದಿನ ಹೀಗೆ ಮಾಡಿದ ಮೇಲೆ ಕಡ್ಡಿ ಕೂದಲೆಳೆಯಷ್ಟು ಅಲುಗಿತು, ಮೂರನೆಯ ದಿನ ಬೆರಳಿಂದ ತಿರುಗಿತು. ಚಿಮಣಿ ಎಣ್ಣೆಯನ್ನು ಚೆನ್ನಾಗಿ ಒರೆಸಿ, ಒಂದು ಸಣ್ಣ ಡಬ್ಬಿಯಿಂದ ಪೆನ್ಸಿಲ್ಲಿನೊಳಗಿನಂಥ ಕಪ್ಪು ಸೀಸದ ಪುಡಿ ತೆಗೆದು ಒಣದಾಗಿಯೇ ಊದಿದರು. ಅಲ್ಲಿ ಮತ್ತೆ ಯಾವ ಎಣ್ಣೆಯೂ ನಡೆಯುವುದಿಲ್ಲ ಎಂಬುದು ಅವರಿಗೂ ಅಪ್ಪನಿಗೂ ಎಷ್ಟು ಗೊತ್ತಿತ್ತೆಂದರೆ ಬಾಯಿಬಿಟ್ಟು ಹೇಳುವ ಮಾತೇ ಆಗಿರಲಿಲ್ಲ.

ಮರುದಿನ ಭಾಲ್ಕಿ ರಸ್ತೆಗೆ ಓಡಿಸಲು ಹೋದರು. ಮೋಟಾರು ಹಗ್ಗ ಕಟ್ಟಿಸಿಕೊಂಡು ಲಾರಿಯ ಹಿಂದೆ ಬಂತು. ಕದ ಮತ್ತೆ ಬಿಗಿದಿತ್ತು. ಚಾಚಾ ಮತ್ತೆ ನೆನೆಹಾಕಿ ಬಡಿದು ಬಿಡಿಸಿದರು. ಮುಂದಿನ ವಾರವೂ ಅದೇ. ಪಾಟೀಲರೇ ಬಂದು ಅಂಗಳದಲ್ಲಿ ನಿಂತು, ಬರೋ ಐತವಾರ ಮದುವೆ, ಆಗದಿದ್ದರೆ ಹೇಳಿಬಿಡಿ ಅಂದು ಹೋದರು. ಅಷ್ಟರಲ್ಲಿ ಗಾಂಧಿ ಗಂಜ್ ಪೇಟೆಯ ಒಬ್ಬ ಹಮಾಲ ಬಂದು ಅಪ್ಪನ ಕಿವಿಗೆ ಒಂದು ಸುದ್ದಿ ಹಾಕಿದ. ಅಲ್ಲಿನ ಇನ್ನೊಂದು ಗ್ಯಾರೇಜಿನವನ ಜೊತೆ ನಿಮ್ಮ ಮಹಬೂಬ ಕೂತು ಚಹಾ ಕುಡಿಯುತ್ತಿದ್ದ ಅಂತ.

ಆಯಿಗೆ ಅಷ್ಟೇ ಸಾಕಾಯಿತು.

“ಹಗಲಿ ಬಿಡಸ್ತಾನ, ರಾತ್ರಿ ಬಿಗೀತಾನ. ನಿನ್ನ ಹೆಸರು ಕೆಡಿಸಿ ಅಲ್ಲಿ ಹೋಗಿ ಕೂಡ್ತಾನ ನೋಡು. ಹದಿನಾಕ ವರ್ಷ ಅಂತಿ. ಬೆಕ್ಕು ಕಣ್ಣು ಮುಚ್ಚಿದ್ರ ನಿದ್ದಿ ಮಾಡ್ಯದ ಅಂತ ತಿಳೀಬ್ಯಾಡ.”

ಅಪ್ಪ ಅವ್ವನ ಹೊಲಿಗೆ ಡಬ್ಬಿಯಿಂದ ಕರಿ ದಾರ ತೆಗೆದ. ಮೋಟಾರಿನ ಮುಚ್ಚಳದ ಒಂದು ಪಕ್ಕ ಬಿಚ್ಚಿಟ್ಟಿದ್ದರು, ಆ ಬಾಯಿಗೆ ಒಂದು ಗೋಣಿತಾಟು ಇಳಿಬಿಟ್ಟಿತ್ತು. ತಾಟಿನ ಹಿಂದೆ, ಮೂರನೆಯ ಸಲ ಸಡಿಲಾದ ಆ ಕದದ ಅಡ್ಡ ದಾರ ಎಳೆದು ಕಟ್ಟಿದ.

ಬೆಳಿಗ್ಗೆ ಹರಿದಿತ್ತು.

ಚಾಚಾಗೆ ದಾರದ ಮಾತು ಹೇಳಲಿಲ್ಲ. ಅಪ್ಪ ಸುಮ್ಮನೆ ಕೂತು ಮೋಟಾರು ಓಡಿಸಿಕೊಂಡು ಹೋದ, ಚಾಚಾ ಪಕ್ಕದಲ್ಲಿ ಕೂತರು. ಹತ್ತು ಗಂಟೆಗೆ ಲಾರಿಯ ಹಿಂದೆ ವಾಪಸ್ ಬಂದರು. ಮೋಟಾರು ಆರುವವರೆಗೆ ಕಾದರು. ಆಮೇಲೆ ಚಾಚಾ ಬ್ಲೇಡಿನಿಂದ ಕಡ್ಡಿಯ ತುದಿ ಕೆರೆದು, ಬಂದ ಕಂದು ಹುಡಿಯನ್ನು ಒಂದು ಕಾಗದದ ಮೇಲೆ ಉದುರಿಸಿಕೊಂಡು ಮೂಗಿನ ಹತ್ತಿರ ಹಿಡಿದರು. ಮತ್ತೊಮ್ಮೆ ಹಿಡಿದರು. ಬಾವಿಕಟ್ಟೆಯ ಹತ್ತಿರ ನಾನು ಕೊಡ ತೊಳೆಯುತ್ತಿದ್ದೆ.

“ಶಿವರಾಜ ಭಾಯಿ, ಇದ್ರಾಗ ಎಣ್ಣಿ ಬಿದ್ದದ. ದೀಪದ ವಾಸನಿ ಬರ್ತದ.”

“ಯಾವ ದೀಪ?”

“ನಿಮ್ಮ ಜಗಲಿ ದೀಪದ್ದು. ಬತ್ತಿ ಸುಟ್ಟಿದ್ದು, ಕುಸುಬಿ ಎಣ್ಣಿದು. ನಾ ಹದಿನಾಕ ವರ್ಷದಾಗ ನಿಮ್ಮ ಜಗಲಿ ಖೋಲಿ ಹೊಸ್ತಿಲು ದಾಟಿಲ್ಲ. ನಿಮಗ ಗೊತ್ತದ.”

“ಅಂದ್ರ? ಮಂಚದ ಮ್ಯಾಲಿನ ನಮ್ಮ ಅವ್ವ ಎದ್ದು ಬಂದು ಹಾಕ್ಯಾಳ ಅಂತೀಯೇನು?”

“ನಾ ಯಾರ ಹೆಸರೂ ತಗೊಂಡಿಲ್ಲ.”

“ತಗೋ. ಹೆಸರು ತಗೋ. ಹಂಗಾರ ನಾನೂ ಒಂದು ಕೇಳ್ತೀನಿ. ಗಂಜಿನ್ಯಾಗ ಯಾರ ಕೂಡ ಚಹಾ ಕುಡದಿ? ನಾ ಕಟ್ಟಿದ ದಾರ ಯಾರು ಹರದ್ರು?”

ಚಾಚಾ ಕಾಗದವನ್ನು ಮಡಚಿ ಬಾವಿಕಟ್ಟೆಯ ಮೇಲೆ, ನನ್ನ ಕೊಡದ ಪಕ್ಕದಲ್ಲೇ ಇಟ್ಟರು. “ದಾರ,” ಅಂದರು, ಅಷ್ಟೇ. ಶೆಡ್ಡಿಗೆ ಹೋಗಿ ಹೊರಸಿನ ಕೆಳಗಿನ ಪೆಟ್ಟಿಗೆ ಎಳೆದರು. ಮೊಳೆಯ ಮೇಲಿನ ಅಂಗಿ ತೆಗೆದರು. ಹಿತ್ತಾಳೆ ಸುತ್ತಿಗೆಯನ್ನು ಕಿಸೆಗೆ ಹಾಕಿಕೊಂಡರು. ಹೋಗುವಾಗ ಅಡುಗೆಮನೆಯ ಕಿಟಕಿಯ ಕಡೆ ನೋಡಿ, “ಬರ್ತೇನಿ ಭಾಬಿ” ಅಂದರು. ಅವ್ವ ಕಿಟಕಿಯಲ್ಲೇ ಇದ್ದಳು. “ಹೂಂ” ಅಂದಳು.

ನನ್ನ ಕೈಯಲ್ಲಿ ಕೊಡ ಹಾಗೇ ಇತ್ತು. ದೀಪದ ವಾಸನೆ ಅಂದಾಗಲೇ ನನಗೆ ತಿಳಿದುಹೋಗಿತ್ತು. ಮೂರು ವಾರದಿಂದ ಬಟ್ಟಲಿನ ಎಣ್ಣೆಯನ್ನು ನಾನು ಮನೆಯ ಕದಕ್ಕೆ ಹಚ್ಚಿರಲಿಲ್ಲ. ಮೋಟಾರಿನ ಕದಕ್ಕೆ ಹಚ್ಚುತ್ತಿದ್ದೆ. ಚಾಚಾ ನಸುಕಿನ ನಮಾಜಿಗೆ ಮಸೀದಿಗೆ ಹೋದ ಹೊತ್ತು ನೋಡಿ ಶೆಡ್ಡಿಗೆ ನುಗ್ಗಿ, ತಾಟಿನ ಕೆಳಗೆ ಕೈ ಹಾಕಿ, ಕಡ್ಡಿಯ ಎರಡೂ ತುದಿಗೆ ಹನಿ ಹನಿ ಹಾಕಿ, “ಚಾಚಾನ ಕೆಲಸ ಆಗ್ಲಪ್ಪ ದೇವರೇ” ಅಂದು ಓಡಿ ಬರುತ್ತಿದ್ದೆ. ಆ ಬೆಳಿಗ್ಗೆ ಮಣಿಕಟ್ಟಿಗೆ ಏನೋ ತಾಗಿತ್ತು. ಜೇಡನ ಬಲೆ ಅಂದುಕೊಂಡು ಒರೆಸಿಕೊಂಡಿದ್ದೆ.

ಅಡುಗೆ ಮಾಡುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕುಸುಬಿ ಎಣ್ಣೆ ಕಡಾಯಿಯ ಅಂಚಿಗೆ ಸುಟ್ಟು ಕಟ್ಟಿದರೆ ಅರಗಿನ ಹಾಗೆ ಅಂಟಿಕೊಂಡು, ಬೂದಿ ಹಾಕಿ ತಿಕ್ಕಿದರೂ ಬಿಡುವುದಿಲ್ಲ. ನಾನು ಹಾಕಿದ ಎಣ್ಣೆ ತಣ್ಣಗಿದ್ದಾಗ ಕದವನ್ನು ಬೆಣ್ಣೆಯ ಹಾಗೆ ತಿರುಗಿಸುತ್ತಿತ್ತು, ಕೆಂಪಗೆ ಕಾದ ಮೇಲೆ ಅಲ್ಲೇ ಸುಟ್ಟು ಅಂಟಾಗುತ್ತಿತ್ತು.

ತಿಳಿದದ್ದನ್ನು ಆಗಲೇ ಹೇಳಬಹುದಿತ್ತು, ಚಾಚಾ ಇನ್ನೂ ಓಣಿಯ ತಿರುವಿನಲ್ಲೇ ಇದ್ದರು. ಹೇಳಲಿಲ್ಲ. ಬಯ್ಯುತ್ತಾರೆ ಎಂಬ ಹೆದರಿಕೆ ಒಂದು. ಇನ್ನೊಂದು, ಹೇಳಿದರೂ ನಂಬುತ್ತಾರೋ ಇಲ್ಲವೋ ಎಂಬ ಹೆದರಿಕೆ. ನಮ್ಮ ಮನೆಯಲ್ಲಿ ಬೆಳೆದ ಮಗುವಿಗೆ ಎರಡನೆಯದೇ ದೊಡ್ಡದಾಗಿತ್ತು. ಅಂದೂ ಮರುದಿನವೂ ಶೆಡ್ಡಿನಲ್ಲಿ ಅಪ್ಪ ಒಬ್ಬನೇ ಬಡಿಯುತ್ತಿದ್ದ. ಅವನ ಪೆಟ್ಟು ಭಾರ, ಒಂದೊಂದು ಪೆಟ್ಟಿಗೂ ಬೀಡು ಸೀಳಿತೇನೋ ಎಂದು ಕಣ್ಣು ಮುಚ್ಚುತ್ತಿದ್ದೆ. ಸೀಳಲಿಲ್ಲ, ಅದೂ ಒಂದು ದಯ.

ಬುಧವಾರ ಸಂಜೆ ದೀಪ ಹಚ್ಚಲು ಅವ್ವ ಜಗಲಿ ಕೋಣೆಯ ಕದ ತೆರೆದಳು. ಕದ ಕಿರ್ ಎಂದು ಕೂಗಿತು. ಅವ್ವ ಒಳಗೆ ಹೋಗಲಿಲ್ಲ. ಕದವನ್ನು ಮುಚ್ಚಿದಳು, ಮತ್ತೆ ತೆರೆದಳು. ಮತ್ತೆ ಕಿರ್ ಎಂದಿತು. ಸೆರಗಿನ ಗಂಟಿನಿಂದ ಚಾಚಾ ಇಟ್ಟುಹೋದ ಕಾಗದ ಬಿಚ್ಚಿ, ಕಂದು ಹುಡಿಯನ್ನು ಉಗುರಿನಿಂದ ಒತ್ತಿ ನೋಡಿದಳು. ಅದನ್ನು ಯಾವಾಗ ಎತ್ತಿಟ್ಟುಕೊಂಡಿದ್ದಳೋ ನನಗೆ ಗೊತ್ತಿರಲಿಲ್ಲ.

“ನೀಲಾ, ಬಾ ಇಲ್ಲಿ. ಈ ಕದ ಮೂರು ವಾರದಿಂದ ಒದರ್ಲತ್ತದ. ಗಡಗಡಿನೂ ಒದರ್ಲತ್ತದ. ದಿನಾ ಉಳದ ಎಣ್ಣಿ ಎಲ್ಲಿ ಹೊಂಟದ?”

ನಾನು ಹೇಳಿದೆ. ಎಲ್ಲವನ್ನೂ, ಜೇಡನ ಬಲೆಯ ತನಕ. ಅವ್ವ ಹೊಡೆಯಲಿಲ್ಲ. ನನ್ನ ಕೈ ಹಿಡಿದು ಪಡಸಾಲೆಗೆ ಕರೆದೊಯ್ದು ಅಪ್ಪನ ಮುಂದೆ ನಿಲ್ಲಿಸಿ, “ಇನ್ನೊಮ್ಮಿ ಹೇಳು” ಅಂದಳು. ಹೇಳಿದೆ.

ಅಪ್ಪ ನನ್ನ ಮುಖ ನೋಡಿದ.

“ಹಿಂಗ ಹೇಳು ಅಂತ ಯಾರು ಹೇಳಿಕೊಟ್ರು ನಿನಗ?”

ಆಗ ಅವ್ವ ಗಂಡನ ಎದುರು ದನಿ ಎತ್ತಿದ್ದನ್ನು ನಾನು ಮೊದಲ ಸಲ ಕೇಳಿದೆ.

“ಕೂಸಿನ ಮ್ಯಾಲೂ ದಾರ ಕಟ್ಟತೀರೇನ್ರಿ?”

ಆಯಿ ಮಂಚದಿಂದ, “ದೇವರ ಎಣ್ಣಿ ಎಂದೂ ಕೆಡಕು ಮಾಡಂಗಿಲ್ಲ, ಆ ಮೋಟಾರಿನ್ಯಾಗೇ ಏನರ ದೋಷ ಇರಬೇಕು” ಎಂದು ಗೊಣಗಿ ಗೋಡೆಯ ಕಡೆ ತಿರುಗಿದಳು.

ಗುರುವಾರ ಮೊದಲ ಬಸ್ಸಿಗೆ ಅಪ್ಪ ನನ್ನನ್ನು ಕರೆದುಕೊಂಡು ಔರಾದಕ್ಕೆ ಹೊರಟ. ಔರಾದದಲ್ಲಿ ಚಾಚಾ ಮನೆಯ ಮುಂದೆ ಒಬ್ಬರ ಹೊಲಿಗೆ ಮಷೀನ್ ಬಿಚ್ಚಿಕೊಂಡು ಕೂತಿದ್ದರು. ಎದ್ದು ನಿಂತು ಹೊರಸು ಝಾಡಿಸಿ, “ಕೂಡ್ರಿ” ಅಂದು ಒಳಗೆ ಚಹಾಕ್ಕೆ ಹೇಳಿದರು. ಅಪ್ಪ ಮಷೀನಿನ ಚಕ್ರ ನೋಡುತ್ತ ಕೂತ. ಕಡೆಗೆ ಅಂದ:

“ಅದು ಇನ್ನಾ ಬಿಡವಲ್ದು.”

“ಬಿಡಂಗಿಲ್ಲ. ನಿಮ್ಮ ಪೆಟ್ಟು ಜೋರು.”

ಅಪ್ಪ ಮತ್ತೆ ಚಕ್ರದ ಕಡೆ ನೋಡಿದ. ಅಪ್ಪ ಹೇಳುವುದಿಲ್ಲ ಎಂದು ನನಗೆ ತಿಳಿಯಿತು. “ಚಾಚಾ, ಎಣ್ಣಿ ನಾ ಹಾಕಿದ್ದೆ” ಅಂದೆ. ಯಾಕೆ ಎಂದು ಕೇಳಿದರು. ನೀವೇ ಅಂದಿರಲ್ಲ, ಅದೊಂದು ಕದ ಅಂತ, ಅಂದೆ. ಚಾಚಾ ನಗಲು ಶುರುಮಾಡಿದರು. ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಆಮೇಲೆ ಅಂಗಿಯ ತೋಳಿಗೆ ಕಣ್ಣು ಒರೆಸಿಕೊಂಡು ಅಪ್ಪನ ಕಡೆ ತಿರುಗಿದರು.

“ನಾ ಏನು ತಿಳಕೊಂಡಿದ್ದೆ ಗೊತ್ತದೇನ್ ಭಾಯಿ? ನನ್ನ ಕಳಸ್ಲಿಕ್ಕ ನೀವೇ ಮನ್ಯಾಗಿನವರು ಹಾಕಿಸೀರಿ ಅಂತ. ಬಸ್ಸಿನ್ಯಾಗ ಬರುವಾಗ ಅದೇ ವಿಚಾರ.”

“ಮತ್ತ ಗಂಜಿನ್ಯಾಗ ಚಹಾ?”

“ನನ್ನ ಸೀಸದ ಪುಡಿ ಮುಗದಿತ್ತು. ಒಂದು ಚಿಮಟಿ ಕೊಡು ಅಂತ ಕೇಳ್ಲಿಕ್ಕ ಹೋಗಿದ್ದೆ. ಮೂಳಾ, ಚಹಾ ಕುಡಿಸಿದ, ಪುಡಿ ಕೊಡ್ಲಿಲ್ಲ.”

ಅಪ್ಪನಿಗೂ ನಗು ಬಂತು. ಚಾಚಾ ಮಾತ್ರ ಈ ಸಲ ನಗಲಿಲ್ಲ. ಮಷೀನಿನ ಒಂದು ಸ್ಕ್ರೂ ಎತ್ತಿ ಅಂಗೈಯಲ್ಲಿಟ್ಟುಕೊಂಡು ನಿಧಾನವಾಗಿ ಅಂದರು:

“ಎಣ್ಣಿ ಹಾಕಿದ್ದು ಕೂಸು. ದಾರ ಕಟ್ಟಿದ್ದು ಕೂಸಲ್ಲ ಭಾಯಿ.”

ಅಪ್ಪ ತಲೆ ಎತ್ತಲಿಲ್ಲ.

ಚಾಚಾ ಅದೇ ಮಧ್ಯಾಹ್ನ ನಮ್ಮ ಜೊತೆ ಬಂದರು. ನನ್ನ ಎರಡು ಪೆನ್ಸಿಲ್ ಕೇಳಿದರು. ಕೊಟ್ಟೆ. ಅವ್ವ ಅವುಗಳ ಕಟ್ಟಿಗೆ ಸೀಳಿ ಸೀಸ ತೆಗೆದು ಏಲಕ್ಕಿ ಕುಟ್ಟುವ ಸಣ್ಣ ಒಳ್ಳಿನಲ್ಲಿ ಕುಟ್ಟಿ ಕೊಟ್ಟಳು. ಆಮೇಲೆ ಎರಡು ದಿನ ಪಾಯಸದ ಏಲಕ್ಕಿ ಕಪ್ಪಾಗಿ ಬಂತು. ಈ ಸಲ ಕಡ್ಡಿಯನ್ನು ಬೆಸುಗೆ ಹಾಕುವ ದೀಪದ ಉರಿಗೆ ಕಾಯಿಸಿ, ಅಂಟು ಸುಟ್ಟು ಉದುರಿಸಿ, ಬಲಕ್ಕೆ ಎರಡು ಎಡಕ್ಕೆ ಎರಡು ಬಡಿದರು. ನನಗೆ ಶೆಡ್ಡಿನ ಒಳಗೆ ಬಂದು ಪುಡಿ ಊದಲು ಹೇಳಿದರು. ಅಪ್ಪ ಕಟ್ಟಳೆಯ ಮಾತು ಎತ್ತಲಿಲ್ಲ. ಶುಕ್ರವಾರ ಮೋಟಾರು ಭಾಲ್ಕಿಯ ತನಕ ಹೋಗಿ ತನ್ನ ಕಾಲಿನ ಮೇಲೆ ತಾನೇ ವಾಪಸ್ ಬಂತು. ಶನಿವಾರ ಪಾಟೀಲರು ಒಯ್ದರು. ಮದುವೆ ಆಯಿತು, ಮೋಟಾರು ಎಲ್ಲೂ ನಿಲ್ಲಲಿಲ್ಲವಂತೆ.

ಸೋಮವಾರ ಚಾಚಾ ಎಂದಿನಂತೆ ಬಂದರು, ಆದರೆ ಪೆಟ್ಟಿಗೆ ಇರಲಿಲ್ಲ. ಸಂಜೆ ಐದಕ್ಕೆ ಕೈ ತೊಳೆದುಕೊಂಡು ಬಸ್ಸಿಗೆ ಹೊರಟರು. ಅಪ್ಪ ಗೇಟಿನ ತನಕ ಹೋದ.

“ಹೊರಸು ಅದ ಅಲ್ಲೇನು, ಯಾಕ ಹೊಂಟಿ?”

“ಕೆಲಸಕ್ಕ ಬರ್ತೇನಿ ಭಾಯಿ. ಮಲಗ್ಲಿಕ್ಕ ಬರಂಗಿಲ್ಲ.”

ಅಪ್ಪನ ಕೈ ನಡೆಯುವ ತನಕ, ಇನ್ನೂ ಒಂಬತ್ತು ವರ್ಷ, ದಿನಾ ಬೆಳಿಗ್ಗೆ ಬಂದು ದಿನಾ ಸಂಜೆ ಔರಾದಕ್ಕೆ ಹೋದರು. ಮಳೆ ಇರಲಿ, ಬಸ್ಸು ಕೆಟ್ಟಿರಲಿ, ಶೆಡ್ಡಿನಲ್ಲಿ ಮತ್ತೊಂದು ರಾತ್ರಿ ಕಳೆಯಲಿಲ್ಲ. ನನ್ನ ಲಗ್ನದ ದಿನವೂ ಊಟ ಮಾಡಿ, ತಲೆಯ ಮೇಲೆ ಕೈಯಿಟ್ಟು, ಕಡೇ ಬಸ್ಸಿಗೆ ಹೋದರು. ಬರುವುದನ್ನು ಬಿಡಲಿಲ್ಲವಲ್ಲ ಎಂದು ಅವ್ವ ಅದನ್ನೇ ದೇವರ ದಯ ಎನ್ನುತ್ತಿದ್ದಳು. ನಾನೂ ಹಾಗೇ ಎಣಿಸಿಕೊಂಡಿದ್ದೇನೆ. ಗುಮಾನಿ ನನ್ನನ್ನು ಪೂರ್ತಿ ಬಿಟ್ಟಿಲ್ಲ. ಈಗಲೂ ಹಾಲಿನ ಹನಿ ಉಗುರಿನ ಮೇಲೆ ನಿಲ್ಲಿಸುತ್ತೇನೆ. ಆದರೆ ಹನಿ ಹರಿದರೂ ಚಹಾ ಕೊಟ್ಟು, ಆಮೇಲೆ ಎದುರಿಗೇ ಕೇಳುತ್ತೇನೆ.

ಆ ಸೋಮವಾರ ಸಂಜೆ ಚಾಚಾ ಓಣಿಯ ತಿರುವು ದಾಟುವ ತನಕ ಅಪ್ಪ ಗೇಟಿನಲ್ಲೇ ನಿಂತಿದ್ದ. ಆಮೇಲೆ ಶೆಡ್ಡಿಗೆ ಹೋಗಿ ಹೊರಸನ್ನು ಎತ್ತಿ ಗೋಡೆಗೆ ಆನಿಸಿದ. ಅವ್ವ ಹಿತ್ತಾಳೆ ಬಟ್ಟಲನ್ನು ನನ್ನ ಕೈಗೆ ಕೊಟ್ಟು, “ಕದಕ್ಕ ಹಚ್ಚು. ಈ ಮನಿ ಕದಕ್ಕ” ಅಂದಳು. ಮೇಲಿನ ಬಿಜಾಗರಿಗೆ ಎರಡು ಹನಿ, ಕೆಳಗಿನದಕ್ಕೆ ಎರಡು ಹನಿ ಬಿಟ್ಟು, ಕದವನ್ನು ಹಿಂದೆ ಮುಂದೆ ಆಡಿಸಿದೆ. ಮೊದಲು ಸ್ವಲ್ಪ ಮುಲುಗಿತು, ಆಮೇಲೆ ಸುಮ್ಮನಾಯಿತು. ಬಟ್ಟಲಲ್ಲಿ ಇನ್ನೂ ಒಂದಿಷ್ಟು ಉಳಿದಿತ್ತು. ಅದನ್ನು ತೆಗೆದುಕೊಂಡು ಬಾವಿಯ ಗಡಗಡಿಗೆ ಹಚ್ಚಲು ಹೋದೆ.